ಕಾರವಾಜ್ಜೊ ಕಂಡ ಬೆಳಕು

ಮಿಕೆಲಾಂಜೆಲೊ ಮೆರಿಸಿ ಎಂದರೆ ಬಹುಮಂದಿಗೆ ಗುರುತು ಹತ್ತದು. ಕಾರವಾಜ್ಜೊ ಎಂದರೆ ಚಿತ್ರಕಲೆ ಬಲ್ಲವರೆಲ್ಲ ತಲೆದೂಗುವರು. ಅದು ಅವನ ಮನೆತನದ ಊರು. ಊರು ಬಿಟ್ಟವನಿಗೆ ಊರ ಹೆಸರೇ ಅಂಟಿಕೊಳ್ಳುವುದು ನಮ್ಮವರಿಗೇನೂ ಹೊಸತಲ್ಲ.

1571ರಲ್ಲಿ ಇಟಲಿಯ ಮಿಲಾನಿನಲ್ಲಿ ಹುಟ್ಟಿದನು. ಬಾಲ್ಯದಲ್ಲೇ ಪ್ಲೇಗು ತಂದೆಯನ್ನು ಕೊಂಡೊಯ್ದಿತು. 1584ರಲ್ಲಿ ಪೆಟರ್ಜಾನೊ ಎಂಬ ಚಿತ್ರಕಾರನ ಶಿಷ್ಯನಾಗಿ, ಮುಂದೆ ರೋಮ್ ನಗರವನ್ನು ಸೇರಿದನು. ಪರರ ಚಿತ್ರಶಾಲೆಯಲ್ಲಿ ಹೂವು ಹಣ್ಣು ಬರೆದು ಹೊಟ್ಟೆ ಹೊರೆಯುತ್ತಿದ್ದವನಿಗೆ ಕಾರ್ಡಿನಲ್ ಡೆಲ್ ಮೊಂಟೆ ಆಶ್ರಯವಿತ್ತನು.

ದೇವರು ಮನುಷ್ಯನಿಗೆ ಗೋಚರನಾದ ಗಳಿಗೆಯನ್ನು ಬಣ್ಣದಲ್ಲಿ ತೋರಿಸುವುದು ಹೇಗೆ? ನಮ್ಮ ಶಿಲ್ಪಿಗಳು ಮೂರ್ತಿಯ ಹಿಂದೆ ಪ್ರಭಾವಳಿಯನ್ನಿಟ್ಟರು. ಅಲ್ಲಿಯ ಚಿತ್ರಕಾರರು ಮುಗಿಲನ್ನು ಸೀಳಿ ಹೊಂಗಿರಣಗಳನ್ನೂ ದೇವದೂತರನ್ನೂ ಇಳಿಸುತ್ತಿದ್ದರು. ಕಾರವಾಜ್ಜೊ ಬೆಳಕೊಂದನ್ನೇ ನಂಬಿದನು. ಸಾನ್ ಲುಯಿಜಿ ಇಗರ್ಜಿಗಾಗಿ 1600ರಲ್ಲಿ ಮುಗಿಸಿದ ಚಿತ್ರವನ್ನು ನೋಡಿರಿ: ಮಬ್ಬು ಕೋಣೆ, ಮೇಜಿನ ಸುತ್ತ ಸುಂಕದವರು. ಗೋಡೆಯ ಕಿಟಕಿಯಿಂದ ಬೆಳಕು ಬರುವುದಿಲ್ಲ. ಬಲಗಡೆ ನೆರಳಲ್ಲಿ ನಿಂತ ಯೇಸು ಕೈನೀಡಿ ಮತ್ತಾಯನನ್ನು ಕರೆಯುತ್ತಾನೆ. ಅವನ ತಲೆಯ ಮೇಲಿಂದ ಓರೆಯಾಗಿ ಹಾದ ಬೆಳಕು ಆ ಮುಖಗಳ ಮೇಲೆ ಬೀಳುತ್ತದೆ. ಇಬ್ಬರು ಮಾತ್ರ ತಲೆಯೆತ್ತದೆ ಹಣದಲ್ಲೇ ಮುಳುಗಿದ್ದಾರೆ!

ಮುಂದಿನ ವರ್ಷದ್ದು ಇನ್ನೂ ಮೇಲಾದುದೆಂದು ನನ್ನೆಣಿಕೆ. ಕ್ರೈಸ್ತರನ್ನು ಹಿಡಿದು ತರಲು ದಮಾಸ್ಕಸ್ಸಿಗೆ ಹೊರಟ ಸೌಲನು ದಿವ್ಯ ಪ್ರಕಾಶಕ್ಕೆ ಸಿಕ್ಕು ನೆಲಕ್ಕುರುಳಿ, ಸಂತ ಪೌಲನಾದ ಪ್ರಸಂಗವದು. ಮೊದಲ ಸಲ ಬರೆದಾಗ ಯೇಸುವನ್ನೂ ದೇವದೂತನನ್ನೂ ಮೇಲಿಂದ ಇಳಿಸಿದ್ದನು. ಎರಡನೆಯ ಸಲ ಇಬ್ಬರನ್ನೂ ಬಿಟ್ಟನು. ಈಗ ಸಾಂತಾ ಮರಿಯಾ ದೆಲ್ ಪೊಪೊಲೊ ಇಗರ್ಜಿಯಲ್ಲಿರುವುದು ಆ ಎರಡನೆಯದು. ಪಟವನ್ನೆಲ್ಲ ತುಂಬಿದ ಕುದುರೆ, ಏನೂ ಅರಿಯದೆ ಅದನ್ನು ಹಿಡಿದ ಮುದಿ ಆಳು, ಕೆಳಗೆ ಕಣ್ಣು ಮುಚ್ಚಿ ತೋಳು ಚಾಚಿ ಬಿದ್ದ ಸೌಲ. ದರ್ಶನವಾದುದು ಅವನೊಬ್ಬನಿಗೇ.

ಇಷ್ಟು ಕಂಡವನ ಬಾಳು ಮಾತ್ರ ಕತ್ತಲೆ. ಜಗಳ, ಕತ್ತಿ, ಸೆರೆಮನೆ. ಬರಿಗಾಲಿನ, ಊದಿದ ದೇಹದ ಮೇರಿ ಮಾತೆಯ ಮರಣಚಿತ್ರವನ್ನು ಮಠದವರು ಒಲ್ಲೆನೆಂದರು. 1607ರಲ್ಲಿ ರೂಬೆನ್ಸನ ಸಲಹೆಯಂತೆ ಮಾಂಟುವಾದ ದೊರೆ ಅದನ್ನು ಕೊಂಡನು. ಅಷ್ಟರಲ್ಲಿ, 1606ರಲ್ಲೇ, ಕಾಳಗವೊಂದರಲ್ಲಿ ಒಬ್ಬನನ್ನು ಕೊಂದು ಕಾರವಾಜ್ಜೊ ರೋಮಿನಿಂದ ಓಡಿಹೋಗಿದ್ದನು. ನೇಪಲ್ಸ್, ಮಾಲ್ಟಾ, ಸಿಸಿಲಿ ಎಂದು ಅಲೆದನು. ಮಾಲ್ಟಾದಲ್ಲಿ 1608ರಲ್ಲಿ ಸ್ನಾನಿಕ ಯೋಹಾನನ ಶಿರಚ್ಛೇದವನ್ನು ಬರೆದು, ಹರಿದ ನೆತ್ತರಿನಲ್ಲೇ ತನ್ನ ಹೆಸರು ಕಾಣಿಸಿದನು. ಗೊಲಿಯಾತನ ಕಡಿದ ತಲೆಗೆ ತನ್ನ ಮುಖವನ್ನೇ ಕೊಟ್ಟನು.

1610ರ ಜುಲೈಯಲ್ಲಿ, ಪೋಪರ ಕ್ಷಮೆಯನ್ನು ನಂಬಿ ರೋಮಿಗೆ ಮರಳುವ ದಾರಿಯಲ್ಲಿ, ಪೋರ್ಟೊ ಎರ್ಕೊಲೆ ಎಂಬ ಕಡಲ ತೀರದ ಊರಲ್ಲಿ ತೀರಿಕೊಂಡನು. ಆಗ ಅವನಿಗೆ 38 ವರ್ಷ.