ಚನ್ನರಾಯಪಟ್ಟಣದ ಕಂಠ, ಅರಮನೆ ಮೈದಾನದ ಲಕ್ಷ ಜನ

ಜಾವಗಲ್ ಹೆಸರು ಹೊರಗಿನವರ ಬಾಯಿಗೆ ಬರೋದು ಕ್ರಿಕೆಟ್ಟಿನ ಶ್ರೀನಾಥ್‌ರಿಂದ. ಚನ್ನರಾಯಪಟ್ಟಣದ ಹೆಸರು ಹಾಗೆ ಯಾರಿಂದ ಬರಬೇಕಿತ್ತು ಅಂತ ಕೇಳಿ ನೋಡಿ, ಬಸ್ಸಿನಲ್ಲಿ ಪಕ್ಕ ಕೂತ ಹತ್ತು ಜನರಲ್ಲಿ ಎಂಟು ಜನ ತಲೆ ಕೆರೆದುಕೊಳ್ಳುತ್ತಾರೆ. ಅದೇ ಜನಕ್ಕೆ ಶಿಶುನಾಳ ಶರೀಫರ ಒಂದು ಪದದ ಧಾಟಿ ಗುನುಗಿ ತೋರಿಸಿ, ಮುಂದಿನದನ್ನ ಅವರೇ ಹಾಡಿ ಮುಗಿಸುತ್ತಾರೆ. ಆ ಧಾಟಿ ಕೂರಿಸಿದವರು ಸಿ. ಅಶ್ವತ್ಥ್. ಹುಟ್ಟಿದ್ದು ಇದೇ ಹಾಸನ ಜಿಲ್ಲೆಯ ಚನ್ನರಾಯಪಟ್ಟಣದಲ್ಲಿ, 1939ರ ಡಿಸೆಂಬರ್ 29ರಂದು. ಜಾವಗಲ್‌ನಿಂದ ಹೊರಟು ಅರಸೀಕೆರೆಯಲ್ಲಿ ಬಸ್ ಬದಲಾಯಿಸಿ ಗಂಡಸಿ ದಾರಿ ಹಿಡಿದರೆ ಸಿಗುವ ಊರು, ದೂರದ್ದೇನಲ್ಲ.

ಕ್ಯಾಸೆಟ್ ಕಾಲ ಕಂಡವರಿಗೆ ಈ ಮನುಷ್ಯನ ಪರಿಚಯ ಹೇಳಬೇಕಾಗಿಲ್ಲ. ಹೋಟೆಲಿನ ಗಲ್ಲಾಪೆಟ್ಟಿಗೆ ಪಕ್ಕದಲ್ಲೊಂದು ಟೇಪ್ ರೆಕಾರ್ಡರ್, ಅದರ ಮೇಲೊಂದು ಪ್ಲಾಸ್ಟಿಕ್ ಹೊದಿಕೆ, ಒಳಗೆ ಎಳೆದು ಎಳೆದು ಸವೆದ ಕ್ಯಾಸೆಟ್ಟು. ಬೆಳಿಗ್ಗೆ ದೇವರ ನಾಮ, ಮಧ್ಯಾಹ್ನ ಸಿನಿಮಾ ಹಾಡು, ಸಂಜೆ ವ್ಯಾಪಾರ ಕುದುರೋ ಹೊತ್ತಿಗೆ ಅಶ್ವತ್ಥ್. ಎತ್ತರದ ಕಂಠ, ಬಿಚ್ಚಿದ ಗಂಟಲು. ಒಂದು ಸಲ ದನಿ ಮೇಲಕ್ಕೆ ಎದ್ದಿತು ಅಂದರೆ ಬೆಲ್ಲ ತೂಗುತ್ತಿದ್ದವನ ಕೈ ತಕ್ಕಡಿಯಲ್ಲೇ ನಿಲ್ಲಬೇಕು, ಹಾಗಿತ್ತು.

ಹುಟ್ಟಾ ಸಂಗೀತದ ಮನೆತನದ ಪಂಡಿತರು ಅಂತ ಯಾರೂ ತಿಳಿಯಬೇಡಿ. ಓದಿದ್ದು ವಿಜ್ಞಾನ. ಹೊಟ್ಟೆಪಾಡಿಗೆ ಸೇರಿದ್ದು ಬೆಂಗಳೂರಿನ ಐಟಿಐ, ಅಂದರೆ ಟೆಲಿಫೋನ್ ಕಾರ್ಖಾನೆ. ಒಂದೆರಡು ವರ್ಷವಲ್ಲ, 27 ವರ್ಷ ಅಲ್ಲಿ ನೌಕರಿ. ಹಿಂದೂಸ್ತಾನಿ ಸಂಗೀತ ಕಲಿತದ್ದು ದೇವಗಿರಿ ಶಂಕರರಾವ್ ಜೋಷಿಯವರ ಬಳಿ. ಹಗಲು ಕಾರ್ಖಾನೆ, ಸಂಜೆ ನಾಟಕದ ತಾಲೀಮು, ರಾತ್ರಿ ಹಾರ್ಮೋನಿಯಂ. ನಮ್ಮಲ್ಲೂ ಅಂಗಡಿ ಬಾಗಿಲು ಹಾಕಿ ಭಜನೆಗೆ ಹೋಗುವವರಿದ್ದಾರೆ. ಆದರೆ ಅಂಗಡಿಯನ್ನೂ ಬಿಡದೆ ಭಜನೆಯನ್ನೂ ಬಿಡದೆ ಇಪ್ಪತ್ತೇಳು ವರ್ಷ ಎರಡನ್ನೂ ಎಳೆಯೋದು ಹುಡುಗಾಟವಲ್ಲ.

ಹೆಸರು ತಂದದ್ದು ‘ಕಾಕನಕೋಟೆ’. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ನಾಟಕ. ಕಾಡು ಕುರುಬರ ಕಥೆ. ಸಿ.ಆರ್. ಸಿಂಹ ಅದನ್ನು 1977ರಲ್ಲಿ ಸಿನಿಮಾ ಮಾಡಿದರು, ಸಂಗೀತ ಅಶ್ವತ್ಥರದು. ಕಾಡಿನ ಜನದ ಕುಣಿತ, ಆನೆ, ದೇವರು, ಎಲ್ಲ ಆ ಹಾಡುಗಳಲ್ಲಿ ಮೈದುಂಬಿದವು. ಆಮೇಲೆ ‘ಸ್ಪಂದನ’. ತಮಿಳುನಾಡಿನ ಎಲ್. ವೈದ್ಯನಾಥನ್ ಜೊತೆ ಸೇರಿ ಅಶ್ವತ್ಥ್–ವೈದಿ ಅನ್ನೋ ಜೋಡಿ ಹೆಸರಿನಲ್ಲಿ ಕೆಲಸ. ‘ನಾರದ ವಿಜಯ’, ‘ಅನುಪಮ’, ‘ಆಲೆಮನೆ’ ಆ ಕಾಲದ್ದು. ಜೋಡಿ ಬಹಳ ಕಾಲ ನಿಲ್ಲಲಿಲ್ಲ. ಸಿನಿಮಾದ ಮಾತು ಇಷ್ಟು ಸಾಕು, ಯಾಕಂದರೆ ಅವರನ್ನು ಸಿನಿಮಾದವರು ಅಂತ ನೆನೆಯುವ ಜನ ಕಡಿಮೆ.

ನೆನೆಯೋದು ಬೇರೆ ಕಾರಣಕ್ಕೆ. ಕನ್ನಡದಲ್ಲಿ ಕವಿತೆ ಅಂದರೆ ಪುಸ್ತಕದಲ್ಲಿ ಇರೋದು, ಮೇಷ್ಟ್ರು ಪರೀಕ್ಷೆಗೆ ಕೇಳೋದು ಅಂತಿತ್ತು. ಅದನ್ನು ಸಭೆಯಲ್ಲಿ ಹಾಡಿ ತೋರಿಸಿದ ಮೊದಲ ದೊಡ್ಡ ಹೆಸರು ಕರಾವಳಿಯಿಂದ ಬಂದ ಪಿ. ಕಾಳಿಂಗರಾಯರದು. ಅವರ ಹಿಂದೆ ಮೈಸೂರು ಅನಂತಸ್ವಾಮಿ. 1978ರಲ್ಲಿ ನಿಸಾರ್ ಅಹಮದರ ಕವಿತೆಗಳ ‘ನಿತ್ಯೋತ್ಸವ’ ಕ್ಯಾಸೆಟ್ ಅನಂತಸ್ವಾಮಿಯವರ ರಾಗದಲ್ಲಿ ಹೊರಬಂತು. ಭಾವಗೀತೆಯ ಕ್ಯಾಸೆಟ್ಟಿಗೂ ಗಿರಾಕಿ ಇದ್ದಾರೆ ಅಂತ ಆಗ ಗೊತ್ತಾಯಿತು. ಆ ದಾರಿಯಲ್ಲಿ ಗಾಡಿ ಜೋರು ಓಡಿಸಿದವರು ಅಶ್ವತ್ಥ್. ಬೇಂದ್ರೆ, ಕುವೆಂಪು, ಕೆ.ಎಸ್. ನರಸಿಂಹಸ್ವಾಮಿ, ಜಿ.ಎಸ್. ಶಿವರುದ್ರಪ್ಪ, ಲಕ್ಷ್ಮೀನಾರಾಯಣ ಭಟ್ಟ, ಬಿ.ಆರ್. ಲಕ್ಷ್ಮಣರಾವ್, ಎಚ್.ಎಸ್. ವೆಂಕಟೇಶಮೂರ್ತಿ, ಹೀಗೆ ಒಬ್ಬರಾದ ಮೇಲೆ ಒಬ್ಬರನ್ನು ಪುಸ್ತಕದ ಬೀರುವಿನಿಂದ ಇಳಿಸಿ ಬಸ್ಸು ಹತ್ತಿಸಿದರು. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ ಅಚ್ಚಾದದ್ದು 1942ರಲ್ಲಿ. ನಲವತ್ತು ವರ್ಷವಾದ ಮೇಲೂ, ಪುಸ್ತಕ ಮುಟ್ಟದ ಮನೆಯ ಹೆಂಗಸರು ಅದರ ಹಾಡುಗಳನ್ನು ರಾಗಿ ಬೀಸುವ ಪದದಷ್ಟೇ ಸಲೀಸಾಗಿ ಹಾಡುವ ಹಾಗಾಯಿತು. ಅದೇ ಕವಿತೆಗಳನ್ನಿಟ್ಟುಕೊಂಡು ಟಿ.ಎಸ್. ನಾಗಾಭರಣ ಸಿನಿಮಾ ಮಾಡಿದಾಗ ಸಂಗೀತ ಅಶ್ವತ್ಥರದೇ. ಗೀತರಚನೆಯ ರಾಷ್ಟ್ರ ಪ್ರಶಸ್ತಿ ನರಸಿಂಹಸ್ವಾಮಿಯವರಿಗೆ ಬಂತು.

ಇನ್ನು ಶರೀಫಜ್ಜ. ಈಗಿನ ಹಾವೇರಿ ಜಿಲ್ಲೆಯ ಶಿಶುನಾಳದ ಶರೀಫರು 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡವರು. ಸಾಬರ ಮನೆಯ ಮಗ, ಗುರು ಕಳಸದ ಗೋವಿಂದ ಭಟ್ಟರು. ಸೋರುವ ಮಾಳಿಗೆ, ತಂಬೂರಿ, ಕೋಳಿ ಮಂಗನನ್ನು ನುಂಗಿದ ಒಗಟು, ಮನೆಮಾತಿನಲ್ಲೇ ದೊಡ್ಡ ಸಂಗತಿ ಹೇಳಿದವರು. ಉತ್ತರ ಕರ್ನಾಟಕದ ಭಜನೆಯವರ ಬಾಯಲ್ಲಿ ಈ ಪದಗಳು ಮೊದಲಿಂದ ಇದ್ದವು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಹಳೇ ಮೈಸೂರು ಸೀಮೆಗೆ, ನಮ್ಮ ಕಡೂರು, ಬೇಲೂರು, ಅರಸೀಕೆರೆ ಕಡೆಗೆ ಅವು ಮನೆಮನೆಗೆ ಬಂದದ್ದು ಹೆಚ್ಚಾಗಿ ಅಶ್ವತ್ಥರ ಕಂಠದಲ್ಲಿ. 1990ರ ‘ಸಂತ ಶಿಶುನಾಳ ಶರೀಫ’ ಸಿನಿಮಾದಲ್ಲಿ ತೆರೆ ಮೇಲೆ ಶ್ರೀಧರ್, ಹಾಡಿನಲ್ಲಿ ಅಶ್ವತ್ಥ್. ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿ ಆ ಚಿತ್ರಕ್ಕೆ ಸಿಕ್ಕಿತು. ಹೊಯ್ಸಳರ ಲಕ್ಷ್ಮೀನರಸಿಂಹನ ಗುಡಿ, ಎಲ್ಲ ಜಾತಿಯವರೂ ಹರಕೆ ಹೊರುವ ದರ್ಗಾ ಎರಡನ್ನೂ ಇಟ್ಟುಕೊಂಡಿರುವ ಜಾವಗಲ್‌ನಂಥ ಊರಿಗೆ ಶರೀಫರ ಪದದ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಕ್ಯಾಸೆಟ್ ಕೇಳಿದವರ ಮಾತು ಇದಾಯಿತು. ಎದುರು ಕೂತು ಕೇಳಿದವರ ಮಾತೇ ಬೇರೆ.

ಆಗ ತಾಲ್ಲೂಕು ಊರುಗಳಲ್ಲಿ ಸುಗಮ ಸಂಗೀತ ಅಂದರೆ ಗಣಪತಿ ಪೆಂಡಾಲು ಇಲ್ಲವೇ ನವೆಂಬರಿನ ರಾಜ್ಯೋತ್ಸವ. ಅರಸೀಕೆರೆಯ ಪ್ರಸನ್ನ ಗಣಪತಿ ಪೆಂಡಾಲಿಗೆ ಹಳ್ಳಿಹಳ್ಳಿಯಿಂದ ಜನ ಬಂದು ಸೇರೋದು ಗೊತ್ತಿರುವ ವಿಷಯ. ಅಂಥ ಕಾರ್ಯಕ್ರಮಕ್ಕೆ ಹೋಗೋರು ಕಡೇ ಬಸ್ಸಿನ ಟೈಮು ಮೊದಲೇ ವಿಚಾರಿಸಿಕೊಂಡು ಹೋಗಬೇಕು. ಹಾಡು ರಂಗಕ್ಕೆ ಏರೋ ಹೊತ್ತಿಗೆ ಸರಿಯಾಗಿ ಎದ್ದು ಹೊರಡುವ ಸಂಕಟ ಬಸ್ಸಿನ ಜನಕ್ಕೇ ಗೊತ್ತು. ಬಸ್ಸು ತಪ್ಪಿಸಿಕೊಂಡು ಸ್ಟಾಂಡಿನ ಕಲ್ಲುಬೆಂಚಿನ ಮೇಲೆ ಬೆಳಗು ಮಾಡಿದವರ ಕಥೆ ಯಾವ ಊರಿನಲ್ಲಿ ಕೇಳಿದರೂ ಸಿಗುತ್ತೆ. ಹಾಡುಗಾರ ದೊಡ್ಡವನಾದಷ್ಟೂ ಬೆಂಚಿನ ಮೇಲೆ ಜನ ಜಾಸ್ತಿ.

ಅಶ್ವತ್ಥರನ್ನು ವೇದಿಕೆ ಮೇಲೆ ಕಂಡವರು ಮೊದಲು ಹೇಳೋದು ಅವರ ಕೈಯನ್ನು. ಹಾರ್ಮೋನಿಯಂ ಮೇಲಿದ್ದ ಕೈ ಮರುಗಳಿಗೆ ಗಾಳಿಯಲ್ಲಿ. ಕಣ್ಣು ಮುಚ್ಚಿ, ಕತ್ತು ಎತ್ತಿ, ಒಂದೇ ಮಾತನ್ನು ನಾಲ್ಕು ಥರ ತಿರುಗಿಸಿ ಹಾಡಿ, ಆಮೇಲೆ ಜನರ ಕಡೆಗೆ ಬಿಟ್ಟುಬಿಡೋದು. ಜನ ಹಾಡಬೇಕು, ಸುಮ್ಮನೆ ಕೂರೋ ಹಾಗಿಲ್ಲ. ಶಾಸ್ತ್ರೀಯ ಕಚೇರಿಯಲ್ಲಿ ತಲೆ ಆಡಿಸಿ ತೊಡೆ ತಟ್ಟಿದರೆ ಆಯಿತು. ಇಲ್ಲಿ ಗಂಟಲು ಕೊಡಬೇಕು. ಇಂಗ್ಲೆಂಡ್, ಅಮೆರಿಕದ ರಾಕ್ ತಂಡಗಳವರು ಗಿಟಾರ್ ಹಿಡಿದು ಮೈದಾನದ ಜನವನ್ನೆಲ್ಲ ಹಾಡಿಸುತ್ತಾರಲ್ಲ, ಅದೇ ಕೆಲಸ. ಇಲ್ಲಿ ಗಿಟಾರಿನ ಬದಲು ಪೆಟ್ಟಿಗೆ, ಕೂಗಾಟದ ಬದಲು ನರಸಿಂಹಸ್ವಾಮಿ.

ಇದು ಎಲ್ಲರಿಗೂ ಹಿಡಿಸಿತು ಅಂದರೆ ಸುಳ್ಳಾಗುತ್ತೆ. ಕವಿತೆ ಮೆಲ್ಲಗೆ ಓದಿಕೊಳ್ಳುವ ವಸ್ತು, ಇಷ್ಟು ಅಬ್ಬರ ಯಾಕೆ ಅನ್ನೋರಿದ್ದರು. ವಾದ್ಯಗಳ ಗದ್ದಲದಲ್ಲಿ ಮಾತು ಮುಳುಗುತ್ತೆ, ಕವಿಗಿಂತ ಗಾಯಕನೇ ಎದ್ದು ಕಾಣುತ್ತಾನೆ ಅನ್ನೋ ದೂರೂ ಇತ್ತು. ಆ ದೂರಿನಲ್ಲಿ ಹುರುಳಿಲ್ಲ ಅನ್ನೋ ಹಾಗೂ ಇಲ್ಲ. ಮೆಲುದನಿಯ ಕೆಲವು ಕವಿತೆಗಳಿಗೆ ಆ ಕಂಠ ಸ್ವಲ್ಪ ಭಾರವೇ ಆಗಿತ್ತು. ಆದರೆ ಶರೀಫರ ಪದಕ್ಕೆ, ಕಾಡಿನ ಹಾಡಿಗೆ, ಬೇಂದ್ರೆಯವರ ಕುಣಿತಕ್ಕೆ ಅಷ್ಟು ಎದೆಗಾರಿಕೆ ಇಲ್ಲದ ಕಂಠ ತಂದು ಕೂರಿಸಿ ನೋಡಿ, ಸಪ್ಪೆ ಸಾರು. ಮಕ್ಕಳ ಸಿನಿಮಾ ‘ಚಿನ್ನಾರಿ ಮುತ್ತ’ 1993ರಲ್ಲಿ ಬಂದಾಗ ಅದೇ ಅಬ್ಬರದ ಮನುಷ್ಯ ವೆಂಕಟೇಶಮೂರ್ತಿಯವರ ಮಾತಿಗೆ ಎಷ್ಟು ಹಗುರವಾಗಿ ರಾಗ ಹಾಕಿದ್ದರು ಅನ್ನೋದನ್ನೂ ದೂರುವವರು ಮರೆಯಬಾರದು. 1997ರ ‘ನಾಗಮಂಡಲ’ದ ಹಾಡುಗಳೂ ಅವರವೇ.

ಎಲ್ಲಕ್ಕಿಂತ ದೊಡ್ಡ ದಿನ 2005ರ ಏಪ್ರಿಲ್ 23. ಜಾಗ ಬೆಂಗಳೂರಿನ ಅರಮನೆ ಮೈದಾನ. ಕಾರ್ಯಕ್ರಮದ ಹೆಸರು ‘ಕನ್ನಡವೇ ಸತ್ಯ’.

ಆ ಮೈದಾನದ ವಿಷಯ ಒಂದಿಷ್ಟು ಹೇಳಬೇಕು. 2002ರಲ್ಲಿ ಪಿಂಕ್ ಫ್ಲಾಯ್ಡ್ ತಂಡದಲ್ಲಿದ್ದ ರೋಜರ್ ವಾಟರ್ಸ್ ಅಲ್ಲಿ ಹಾಡಿ ಹೋಗಿದ್ದ. 2003ರ ಏಪ್ರಿಲ್‌ನಲ್ಲಿ ರೋಲಿಂಗ್ ಸ್ಟೋನ್ಸ್ ಬಂದಿತ್ತು. ಅರವತ್ತರ ಹತ್ತಿರದ ಮಿಕ್ ಜಾಗರ್ ಮಳೆಯಲ್ಲೂ ಬಿಡದೆ ಹಾಡಿದ. ಆಮೇಲೆ, 2007ರಲ್ಲಿ, ಐರನ್ ಮೇಡನ್ ಅನ್ನೋ ತಂಡವೂ ಅಲ್ಲೇ ಗದ್ದಲ ಎಬ್ಬಿಸಿತು. ಇವನ್ನು ಕಂಡವರು ಇವತ್ತಿಗೂ ಆ ರಾತ್ರಿಗಳನ್ನು ಎದೆಗೆ ಅವಚಿಕೊಂಡಿದ್ದಾರೆ. ಟಿಕೆಟ್ ಚೂರು ಪರ್ಸಿನಲ್ಲಿಟ್ಟುಕೊಂಡ ಜನ ಅವರು. ಅವರ ಪ್ರೀತಿ ತಪ್ಪಲ್ಲ ಬಿಡಿ. ಆದರೆ ಬೆಂಗಳೂರಿನ ದೊಡ್ಡ ಮೈದಾನ ತುಂಬಿಸೋಕೆ ವಿಮಾನದಲ್ಲಿ ಬಂದ ತಂಡವೇ ಬೇಕು, ಕನ್ನಡದ ಕವಿತೆಗೆ ಇನ್ನೂರು ಕುರ್ಚಿಯ ಸಭಾಂಗಣ ಸಾಕು ಅನ್ನೋ ಲೆಕ್ಕ ಒಂದು ಆ ಊರಿನಲ್ಲಿತ್ತಲ್ಲ, ಆ ಲೆಕ್ಕಕ್ಕೆ ಏಟು ಬಿದ್ದದ್ದು ‘ಕನ್ನಡವೇ ಸತ್ಯ’ದ ದಿನ.

ಅವತ್ತು ಸೇರಿದ ಜನ ಒಂದು ಲಕ್ಷಕ್ಕೂ ಮೇಲೆ. ಸಿನಿಮಾ ನಟರ ಕುಣಿತ ಕಾಣೋಕೆ ಬಂದ ಲಕ್ಷವಲ್ಲ ಇದು. ಕನ್ನಡದ ಕವಿಗಳು ಬರೆದ ಹಾಡು ಕೇಳೋಕೆ ಬಂದ ಲಕ್ಷ. ಅಶ್ವತ್ಥರಿಗೆ ಆಗ ಅರವತ್ತೈದು ದಾಟಿತ್ತು. ಆ ವಯಸ್ಸಿಗೆ ಪಿಂಚಣಿ ಎಣಿಸಿಕೊಂಡು, ಸಂಜೆ ಪಾರ್ಕಿನಲ್ಲಿ ಎರಡು ಸುತ್ತು ಹೊಡೆದು ಮನೆ ಸೇರೋದು ವಾಡಿಕೆ. ಇವರು ಲಕ್ಷ ಜನರ ಮುಂದೆ ಏರುದನಿಯಲ್ಲಿ ನಿಂತರು. ಯಾರು ಕವಿ, ಯಾವ ಪುಸ್ತಕ ಅಂತ ಗೊತ್ತಿಲ್ಲದವರೂ ಜೊತೆಗೆ ಹಾಡಿದರು. ಅಂಥ ಇನ್ನೊಂದು ಸಂಜೆಯನ್ನು ಸುಗಮ ಸಂಗೀತ ಆಮೇಲೆ ಕಂಡಿಲ್ಲ ಅನ್ನೋದು ಅದರ ಅಭಿಮಾನಿಗಳ ಹಳಹಳಿಕೆ.

ಒಂದು ತಕರಾರು ಮಾತ್ರ ಅವರು ಹೋದ ಮೇಲೂ ಉಳಿಯಿತು. ಕುವೆಂಪು ಬರೆದ ನಾಡಗೀತೆಯನ್ನು ಸರ್ಕಾರ 2004ರಲ್ಲಿ ಅಧಿಕೃತ ಮಾಡಿತು. ಮಾತೇನೋ ಒಂದೇ, ಧಾಟಿ ಯಾವುದು? ಅನಂತಸ್ವಾಮಿಯವರದೊಂದು, ಅಶ್ವತ್ಥರದೊಂದು. ಸಮಿತಿ ಆಯಿತು, ವರದಿ ಆಯಿತು, ಇಬ್ಬರ ಕಡೆಯವರೂ ವಾದ ಮಾಡಿದರು. ಕಡೆಗೆ 2022ರಲ್ಲಿ ಅನಂತಸ್ವಾಮಿಯವರ ಧಾಟಿಯಲ್ಲೇ, ಎರಡೂವರೆ ನಿಮಿಷದೊಳಗೆ ಹಾಡಬೇಕು ಅಂತ ಆದೇಶ ಹೊರಟಿತು. ವಿಷಯ ಹೈಕೋರ್ಟಿನವರೆಗೂ ಹೋಗಿ ಅಲ್ಲೂ ಆದೇಶವೇ ನಿಂತಿತು. ಅನಂತಸ್ವಾಮಿ 1995ರಲ್ಲೇ ತೀರಿಕೊಂಡಿದ್ದರು. ಹಾಡಿದ ಇಬ್ಬರೂ ಇಲ್ಲ, ಜಗಳ ಮಾತ್ರ ಇತ್ತು. ಶಾಲೆ ಹುಡುಗರಿಗೆ ಬಿಸಿಲಲ್ಲಿ ನಿಲ್ಲೋ ಹೊತ್ತು ಕಡಿಮೆಯಾಯಿತು ಅನ್ನೋದೊಂದೇ ಅದರಿಂದ ಆದ ಲಾಭ ಅಂತ ಕೆಲವರ ಕುಹಕ.

2009ರ ಕೊನೆಗೆ ಅಶ್ವತ್ಥ್ ಬೆಂಗಳೂರಿನ ಆಸ್ಪತ್ರೆ ಸೇರಿದರು. ಮೂತ್ರಪಿಂಡ, ಪಿತ್ತಜನಕಾಂಗ ಎರಡೂ ಕೈಕೊಟ್ಟವು. ಡಿಸೆಂಬರ್ 29ರಂದು ಪ್ರಾಣ ಹೋಯಿತು. ಅವತ್ತೇ ಅವರ ಹುಟ್ಟಿದ ದಿನ, ಎಪ್ಪತ್ತು ತುಂಬಿತ್ತು.

ಊರೂರಿನಲ್ಲಿ ಸುದ್ದಿ ಹಬ್ಬಿ, ಜನ ಹಳೇ ಕ್ಯಾಸೆಟ್ ಹುಡುಕುವಷ್ಟರಲ್ಲಿ ಬೆಳಗಾಯಿತು. ಡಿಸೆಂಬರ್ 30ರ ನಸುಕಿಗೆ ಮೈಸೂರಿನಿಂದ ಇನ್ನೊಂದು ಸುದ್ದಿ: ವಿಷ್ಣುವರ್ಧನ್ ಹೋದರು. ಬೆಂಗಳೂರಿನಲ್ಲಿ ಗಲಾಟೆ, ಕಲ್ಲು, ಅಂಗಡಿ ಬಾಗಿಲು ಬಂದ್. ಟೀವಿ, ರೇಡಿಯೊ, ಪೇಪರು ಎಲ್ಲ ಆ ಕಡೆ ತಿರುಗಿತು. ಲಕ್ಷ ಜನರನ್ನು ಹಾಡಿಸಿದ ಚನ್ನರಾಯಪಟ್ಟಣದ ಮನುಷ್ಯನ ಸುದ್ದಿ ಪೂರ್ತಿ ಒಂದು ದಿನವೂ ನಿಲ್ಲಲಿಲ್ಲ.