ಲೂಯಿಸ್ ಫ್ರೈ ರಿಚರ್ಡ್‌ಸನ್

ಲೂಯಿಸ್ ಫ್ರೈ ರಿಚರ್ಡ್‌ಸನ್ (೧೧ ಅಕ್ಟೋಬರ್ ೧೮೮೧ – ೩೦ ಸೆಪ್ಟೆಂಬರ್ ೧೯೫೩) ಬ್ರಿಟನ್ನಿನ ಗಣಿತಜ್ಞ, ಭೌತವಿಜ್ಞಾನಿ ಹಾಗೂ ಹವಾಮಾನ ವಿಜ್ಞಾನಿ. ವಿದ್ಯುನ್ಮಾನ ಗಣಕಯಂತ್ರಗಳು ಬರುವ ಮೊದಲೇ ಹವಾಮಾನವನ್ನು ಲೆಕ್ಕಾಚಾರದಿಂದ ಮುನ್ಸೂಚಿಸುವ ವಿಧಾನವನ್ನು ರೂಪಿಸಿದ ಇವರು ವೈಜ್ಞಾನಿಕ ಗಣನೆಯ ಆದ್ಯರಲ್ಲಿ ಒಬ್ಬರು.

ಜನನ ಮತ್ತು ಶಿಕ್ಷಣ

ರಿಚರ್ಡ್‌ಸನ್ ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದಲ್ಲಿ, ಏಳು ಮಕ್ಕಳಲ್ಲಿ ಕಿರಿಯವರಾಗಿ ಜನಿಸಿದರು. ತಂದೆ ಚರ್ಮ ಹದಮಾಡುವ ಉದ್ಯಮ ನಡೆಸುತ್ತಿದ್ದರು. ಕುಟುಂಬವು ಯುದ್ಧವನ್ನು ವಿರೋಧಿಸುವ ಕ್ವೇಕರ್ ಪಂಥಕ್ಕೆ ಸೇರಿತ್ತು. ೧೯೦೩ರಲ್ಲಿ ಅವರು ಕೇಂಬ್ರಿಡ್ಜ್‌ನ ಕಿಂಗ್ಸ್ ಕಾಲೇಜಿನಲ್ಲಿ ಪದವಿ ಪಡೆದರು.

ಗಣನಾ ವಿಧಾನ

ನಿಖರವಾಗಿ ಬಿಡಿಸಲಾಗದ ಅವಕಲ ಸಮೀಕರಣಗಳಿಗೆ ರಿಚರ್ಡ್‌ಸನ್ ಅಂದಾಜು ಪರಿಹಾರಗಳನ್ನು ಹುಡುಕಿದರು. ಕ್ಷೇತ್ರವನ್ನು ಚೌಕಗಳಾಗಿ ವಿಭಜಿಸಿ, ಪ್ರತಿ ಬಿಂದುವಿನ ಬೆಲೆಯನ್ನು ನೆರೆಯ ಬಿಂದುಗಳ ಬೆಲೆಗಳಿಂದ ಸರಳ ಅಂಕಗಣಿತದ ಮೂಲಕ ಪಡೆಯುವುದು ಈ ವಿಧಾನದ ಸಾರ. ಕಲ್ಲಿನ ಅಣೆಕಟ್ಟಿನೊಳಗಿನ ಒತ್ತಡಗಳಿಗೆ ಇದನ್ನು ಅನ್ವಯಿಸಿದ ಅವರ ಪ್ರಬಂಧವು ೧೯೧೧ರಲ್ಲಿ ಪ್ರಕಟವಾಯಿತು. ದೊಡ್ಡ ಹಾಗೂ ಸಣ್ಣ ಚೌಕಗಳಿಂದ ದೊರೆತ ಎರಡು ಉತ್ತರಗಳನ್ನು ಸೇರಿಸಿ ದೋಷವನ್ನು ತಗ್ಗಿಸುವ ಅವರ ತಂತ್ರವು ಇಂದಿಗೂ ಬಳಕೆಯಲ್ಲಿದೆ.

ಹವಾಮಾನ ಮುನ್ಸೂಚನೆ

೧೯೧೩ರಲ್ಲಿ ಅವರು ಬ್ರಿಟಿಷ್ ಹವಾಮಾನ ಇಲಾಖೆಯನ್ನು ಸೇರಿದರು. ಮೊದಲ ಮಹಾಯುದ್ಧದಲ್ಲಿ ಆಯುಧ ಹಿಡಿಯಲು ಒಪ್ಪದೆ, ೧೯೧೬ರಿಂದ ೧೯೧೯ರವರೆಗೆ ಫ್ರಾನ್ಸಿನಲ್ಲಿ ಕ್ವೇಕರ್ ಆಂಬುಲೆನ್ಸ್ ದಳದಲ್ಲಿ ಗಾಯಾಳುಗಳನ್ನು ಸಾಗಿಸಿದರು. ಈ ಅವಧಿಯಲ್ಲೇ, ೧೯೧೦ರ ಮೇ ೨೦ರಂದು ದಾಖಲಾಗಿದ್ದ ಮಾಹಿತಿಯನ್ನು ಆಧರಿಸಿ, ಮಧ್ಯ ಯೂರೋಪಿನಲ್ಲಿ ಆರು ಗಂಟೆಗಳಲ್ಲಿ ಆಗಬೇಕಾದ ಬದಲಾವಣೆಯನ್ನು ಕೈಯಿಂದಲೇ ಲೆಕ್ಕಹಾಕಿದರು. ಇದಕ್ಕೆ ಸುಮಾರು ಆರು ವಾರಗಳು ಬೇಕಾದವು. ವಾಯುಭಾರವು ೧೪೫ ಮಿಲಿಬಾರ್ ಏರುವುದೆಂದು ಉತ್ತರ ಬಂದಿತು. ವಾಸ್ತವದಲ್ಲಿ ಅದು ಹೆಚ್ಚುಕಡಿಮೆ ಬದಲಾಗಿರಲಿಲ್ಲ.

ಈ ವೈಫಲ್ಯವನ್ನು ಮರೆಮಾಚದೆ ಅವರು ೧೯೨೨ರ ತಮ್ಮ ಗ್ರಂಥದಲ್ಲಿ ಇಡೀ ಲೆಕ್ಕವನ್ನು ಪ್ರಕಟಿಸಿದರು. ಜಗತ್ತಿನ ಹವಾಮಾನದ ವೇಗಕ್ಕೆ ಸರಿಸಾಟಿಯಾಗಿ ಲೆಕ್ಕಹಾಕಲು ೬೪,೦೦೦ ಜನರು ಬೇಕೆಂದು ಅಂದಾಜಿಸಿದರು. ಆರಂಭಿಕ ಮಾಹಿತಿಯಲ್ಲಿ ಗಾಳಿಗೂ ವಾಯುಭಾರಕ್ಕೂ ಹೊಂದಾಣಿಕೆ ಇಲ್ಲದಿದ್ದುದೇ ತಪ್ಪಿಗೆ ಮುಖ್ಯ ಕಾರಣವೆಂದೂ, ಅದನ್ನು ಸರಿಪಡಿಸಿದರೆ ಅವರ ವಿಧಾನವು ಒಪ್ಪತಕ್ಕ ಫಲಿತಾಂಶ ನೀಡುವುದೆಂದೂ ನಂತರದ ಸಂಶೋಧನೆಗಳು ತೋರಿಸಿವೆ.

ರಾಜೀನಾಮೆ ಮತ್ತು ನಂತರದ ಸಂಶೋಧನೆ

೧೯೨೦ರಲ್ಲಿ ಹವಾಮಾನ ಇಲಾಖೆಯು ವಾಯುಪಡೆಯ ಹೊಣೆ ಹೊತ್ತ ಸಚಿವಾಲಯದ ಅಧೀನಕ್ಕೆ ಬಂದಾಗ ರಿಚರ್ಡ್‌ಸನ್ ರಾಜೀನಾಮೆ ನೀಡಿ ಅಧ್ಯಾಪನಕ್ಕೆ ತೆರಳಿದರು. ೧೯೨೬ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆಗಿ ಆಯ್ಕೆಯಾದರು. ೧೯೨೯ರಿಂದ ೧೯೪೦ರವರೆಗೆ ಸ್ಕಾಟ್ಲೆಂಡಿನ ಪೇಸ್ಲಿ ತಾಂತ್ರಿಕ ಕಾಲೇಜಿನ ಪ್ರಾಂಶುಪಾಲರಾಗಿದ್ದರು. ನಂತರದ ವರ್ಷಗಳನ್ನು ಯುದ್ಧಗಳ ಕಾರಣಗಳನ್ನು ಗಣಿತದಿಂದ ಅರಿಯುವ ಪ್ರಯತ್ನಕ್ಕೆ ಮೀಸಲಿಟ್ಟರು.

ದೇಶಗಳ ನಡುವಣ ಗಡಿಗಳ ಉದ್ದಕ್ಕೂ ಯುದ್ಧಗಳಿಗೂ ಸಂಬಂಧವಿದೆಯೇ ಎಂದು ಪರಿಶೀಲಿಸುವಾಗ, ಒಂದೇ ಗಡಿಗೆ ಬೇರೆಬೇರೆ ಅಳತೆಗಳಿರುವುದನ್ನು ಅವರು ಗಮನಿಸಿದರು. ಸ್ಪೇನ್–ಪೋರ್ಚುಗಲ್ ಗಡಿಯು ಒಂದೆಡೆ ೯೮೭ ಕಿ.ಮೀ., ಇನ್ನೊಂದೆಡೆ ೧,೨೧೪ ಕಿ.ಮೀ. ಎಂದಿತ್ತು. ನಕಾಶೆಯ ಮೇಲೆ ಕೈವಾರದ ಹೆಜ್ಜೆ ಕಿರಿದಾದಂತೆ ಅಂಕುಡೊಂಕಾದ ಗಡಿಯ ಉದ್ದ ಹೆಚ್ಚುತ್ತದೆಂದು ಅವರು ತೋರಿಸಿದರು. ಮರಣಾನಂತರ ೧೯೬೧ರಲ್ಲಿ ಪ್ರಕಟವಾದ ಈ ಬರಹವನ್ನು ಆಧರಿಸಿ ಬೆನ್ವಾ ಮ್ಯಾಂಡೆಲ್‌ಬ್ರಾಟ್ ೧೯೬೭ರಲ್ಲಿ ಬ್ರಿಟನ್ನಿನ ಕರಾವಳಿಯ ಉದ್ದವನ್ನು ಕುರಿತ ಪ್ರಸಿದ್ಧ ಪ್ರಬಂಧ ಬರೆದರು. ಮುಂದೆ ಫ್ರ್ಯಾಕ್ಟಲ್ ಜ್ಯಾಮಿತಿಗೆ ಅದು ದಾರಿಮಾಡಿತು.

ಪರಂಪರೆ

೧೯೫೦ರಲ್ಲಿ ಅಮೆರಿಕದ ಎನಿಯಾಕ್ ಗಣಕಯಂತ್ರದ ಮೇಲೆ ಜೂಲ್ ಚಾರ್ನಿ ಮತ್ತು ಸಂಗಡಿಗರು ಹವಾಮಾನ ಮುನ್ಸೂಚನೆಯನ್ನು ಲೆಕ್ಕಹಾಕಿದರು. ಚಾರ್ನಿ ಅದರ ಫಲಿತಾಂಶವನ್ನು ರಿಚರ್ಡ್‌ಸನ್ ಅವರಿಗೆ ಕಳುಹಿಸಿಕೊಟ್ಟರು. ಮೂರು ವರ್ಷಗಳ ನಂತರ ರಿಚರ್ಡ್‌ಸನ್ ಸ್ಕಾಟ್ಲೆಂಡಿನ ಕಿಲ್ಮನ್‌ನಲ್ಲಿ ನಿಧನರಾದರು. ವಾಯುಮಂಡಲದ ಪ್ರಕ್ಷುಬ್ಧತೆಯನ್ನು ಅಳೆಯುವ ರಿಚರ್ಡ್‌ಸನ್ ಸಂಖ್ಯೆಗೆ ಅವರ ಹೆಸರನ್ನೇ ಇಡಲಾಗಿದೆ.