ಸೂಕ್ಷ್ಮವನ್ನು ಅಳೆದ ಲಾರ್ಡ್ ಕೆಲ್ವಿನ್

ಲಾರ್ಡ್ ಕೆಲ್ವಿನ್ನರ ಹೆಸರು ಉಷ್ಣತೆಯ ಮಾನದಿಂದ ನಮಗೆಲ್ಲ ಪರಿಚಿತ. ಆದರೆ ವಿದ್ಯುತ್ತನ್ನು ಅಳೆಯುವ ಉಪಕರಣಗಳ ವ್ಯಾಪ್ತಿಯನ್ನು ಅವರು ವಿಸ್ತರಿಸಿದ ಕಥೆಯನ್ನು ಬಲ್ಲವರು ವಿರಳ.

ಅವರ ಮೊದಲ ಹೆಸರು ವಿಲಿಯಂ ಥಾಮ್ಸನ್. 1824ನೆಯ ಜೂನ್ 26ರಂದು ಐರ್ಲೆಂಡಿನ ಬೆಲ್‌ಫಾಸ್ಟಿನಲ್ಲಿ ಜನಿಸಿದರು. ತಂದೆ ಜೇಮ್ಸರು ಸಣ್ಣ ರೈತನೊಬ್ಬನ ಮಗ. ತಾವಾಗಿಯೇ ಗಣಿತ ಕಲಿತು, ವಿಶ್ವವಿದ್ಯಾನಿಲಯದ ಮೆಟ್ಟಿಲೇರಿ, ಕೊನೆಗೆ ಗ್ಲಾಸ್ಗೋದಲ್ಲಿ ಪ್ರಾಧ್ಯಾಪಕರಾದವರು. ನಮ್ಮ ಮನೆಯಲ್ಲಿ ಕಾಲೇಜು ಕಂಡವರಲ್ಲಿ ಮೊದಲಿಗನಾದ ನನಗೆ ಈ ತಂದೆಯ ಕಥೆಯೂ ಮಗನ ಕಥೆಯಷ್ಟೇ ದೊಡ್ಡದಾಗಿ ಕಂಡಿತು. ಆರನೆಯ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡ ವಿಲಿಯಂನಿಗೆ ತಂದೆಯೇ ಗುರುವಾದರು. 1846ರಲ್ಲಿ, ತಮ್ಮ 22ನೆಯ ವಯಸ್ಸಿನಲ್ಲಿ, ಥಾಮ್ಸನ್ನರು ಗ್ಲಾಸ್ಗೋದಲ್ಲಿಯೇ ಪ್ರಾಧ್ಯಾಪಕರಾಗಿ 1899ರವರೆಗೆ ಪಾಠ ಹೇಳಿದರು.

1858ರಲ್ಲಿ ಅಟ್ಲಾಂಟಿಕ್ ಸಾಗರದ ತಳದಲ್ಲಿ ಟೆಲಿಗ್ರಾಫ್ ತಂತಿಯನ್ನು ಹಾಸಿದರು. ಒಂದು ದಡದಿಂದ ಕಳುಹಿಸಿದ ವಿದ್ಯುತ್ತು ಇನ್ನೊಂದು ದಡ ಮುಟ್ಟುವಾಗ ತೀರ ಕ್ಷೀಣಿಸುತ್ತಿತ್ತು. ಕಂಪೆನಿಯ ತಜ್ಞ ವೈಟ್‌ಹೌಸರು ಸುಮಾರು 2000 ವೋಲ್ಟಿನ ಒತ್ತಡವನ್ನು ಪ್ರಯೋಗಿಸಿದರು. ಮೊದಲೇ ದೋಷವಿದ್ದ ತಂತಿ ಕೆಲವೇ ವಾರಗಳಲ್ಲಿ ಮೂಕವಾಯಿತು. ಅಪಾರ ಹಣವೂ ಶ್ರಮವೂ ನೀರುಪಾಲಾದವು. ಕ್ಷೀಣವಾದ ಪ್ರವಾಹವನ್ನೇ ಗುರುತಿಸಬಲ್ಲ ಉಪಕರಣ ಬೇಕೆಂಬುದು ಥಾಮ್ಸನ್ನರ ಮತ. ಅವರ ಗ್ಯಾಲ್ವನೋಮೀಟರಿನಲ್ಲಿ ಪುಟ್ಟ ಕನ್ನಡಿಯ ಬೆನ್ನಿಗೆ ಅಯಸ್ಕಾಂತವನ್ನು ಅಂಟಿಸಿ ರೇಷ್ಮೆಯ ಎಳೆಯಿಂದ ತೂಗುಬಿಟ್ಟಿದ್ದರು. ಕನ್ನಡಿ ಕೂದಲೆಳೆಯಷ್ಟು ಹೊರಳಿದರೂ ಅದರಿಂದ ಪ್ರತಿಫಲಿಸಿದ ಬೆಳಕು ದೂರದ ಅಳತೆಪಟ್ಟಿಯ ಮೇಲೆ ಬಹಳಷ್ಟು ಸರಿಯುತ್ತಿತ್ತು. ಭಾರವಿಲ್ಲದ ಬೆಳಕೇ ಮುಳ್ಳಾಯಿತು! 1866ರಲ್ಲಿ ಹೊಸ ತಂತಿ ಯಶಸ್ವಿಯಾದಾಗ ಅವರಿಗೆ ಸರ್ ಪದವಿ ದೊರೆಯಿತು.

ನಮ್ಮ ಕೊಕ್ಕರ್ಣೆಯಲ್ಲಿ ತೋಟದ ಪಂಪು ರಿಪೇರಿ ಮಾಡುವವರ ಮೀಟರನ್ನು ನೋಡಿದ್ದೇನೆ. ಅದರ ಎರಡು ವಯರುಗಳ ತುದಿಗಳನ್ನು ಒಂದಕ್ಕೊಂದು ತಾಗಿಸಿದರೂ ಅಂಕಿ ಸೊನ್ನೆಗೆ ಬರುವುದಿಲ್ಲ. ವಯರಿಗೇ ಸ್ವಲ್ಪ ರೋಧವಿದೆ. ಅದಕ್ಕಿಂತ ಕಿರಿದಾದ ರೋಧವನ್ನು ಅಳೆಯುವುದು ಹೇಗೆ? ಸಂಪರ್ಕಗಳ ರೋಧವು ಲೆಕ್ಕವನ್ನು ಕೆಡಿಸದಂತಹ ಜೋಡಿ ಸೇತುವೆಯೊಂದನ್ನು ಥಾಮ್ಸನ್ನರು ರಚಿಸಿದರು. ಪ್ರವಾಹ ಹರಿಸಲು ಎರಡು ತಂತಿ, ಒತ್ತಡ ನೋಡಲು ಬೇರೆ ಎರಡು ತಂತಿ ಎಂಬ ಕ್ರಮಕ್ಕೆ ಇಂದಿಗೂ ಕೆಲ್ವಿನ್ನರ ಹೆಸರಿದೆ.

ಇಂತಹವರೂ ಭೂಮಿಯ ವಯಸ್ಸಿನ ವಿಷಯದಲ್ಲಿ ಎಡವಿದರು. 1862ರಲ್ಲಿ ಅವರು ಲೆಕ್ಕ ಹಾಕಿದ್ದು 2 ಕೋಟಿಯಿಂದ 40 ಕೋಟಿ ವರ್ಷಗಳೊಳಗೆ. ಇಂದು ನಾವು ಬಲ್ಲುದು ಸುಮಾರು 454 ಕೋಟಿ. ಭೂಗರ್ಭದ ಬಗೆಗೆ ಅವರು ಹಿಡಿದ ಊಹೆಯೇ ಸರಿಯಿರಲಿಲ್ಲ. ಉಪಕರಣದಂತೆ ಬುದ್ಧಿಗೂ ಒಂದು ವ್ಯಾಪ್ತಿಯುಂಟು ಎಂಬುದನ್ನು ಓದುವ ನಾವು ಮರೆಯಲಾಗದು.

1892ರಲ್ಲಿ ಲಾರ್ಡ್ ಪದವಿ ಪಡೆದ ಅವರು 1907ರ ಡಿಸೆಂಬರ್ 17ರಂದು ನಿಧನರಾದರು. ರೈತನ ಮೊಮ್ಮಗನ ಸಮಾಧಿ ಇಂದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ನ್ಯೂಟನ್ನರ ಸಮಾಧಿಯ ಬಳಿಯಲ್ಲಿದೆ.